ನಿಂತಗಲ್ಲಿಗೆ ಸುಣ್ಣ

ಪಾಳ್ಯದ ಕುಳ್ಳಯ್ಯ ಮೂವತ್ತು ವರ್ಷ ಕಾಫಿ ಎಸ್ಟೇಟುಗಳಲ್ಲಿ ನೆರಳಿನ ಮರ ಹತ್ತಿ ಕೊಂಬೆ ಸವರಿದವನು. ಮರದ ತುದಿಯಲ್ಲಿ ನಡುಗದ ಕಾಲು ಕಚೇರಿಯ ಮೆಟ್ಟಿಲ ಮೇಲೆ ನಡುಗುತ್ತಿತ್ತು. ಆದರೂ ಈ ವರ್ಷ ಏಳು ಸಲ ಹತ್ತಿದ. ಎಲ್ಲ ಒಂದು ಕಲ್ಲಿಗಾಗಿ.

ಅವನ ರಾಗಿ ಹೊಲದ ಅಂಚಿನಲ್ಲಿ ಆಳೆತ್ತರದ ನಿಂತಗಲ್ಲೊಂದಿದೆ. ಬಹಳ ಹಿಂದಿನ ಕಾಲದವರು ಸತ್ತವರ ನೆನಪಿಗೆ ನಿಲ್ಲಿಸಿದ್ದೆಂದು ಸ್ಕೂಲಿನ ಮೇಷ್ಟ್ರು ಹೇಳಿದ್ದರು. ಅಪ್ಪ ಉಳುವಾಗ ಅದರ ಸುತ್ತ ಎತ್ತು ತಿರುಗುವಷ್ಟು ಜಾಗ ಬಿಡುತ್ತಿದ್ದ, ಕುಳ್ಳಯ್ಯನೂ ಬಿಟ್ಟ. ಈಗ ಗುಡ್ಡದ ಹೋಂಸ್ಟೇಗೆ ರಸ್ತೆ ಬೇಕಂತೆ. ಸೋಮವಾರ ಜೆಸಿಬಿ ಬಂದು ಕಲ್ಲು ಕೀಳುತ್ತದೆ. ಹಳೆಯ ಕಲ್ಲೆಂದು ಪುರಾತತ್ವ ಇಲಾಖೆಯ ಅಧಿಕಾರಿ ಬರೆದುಕೊಟ್ಟರೆ ಮಾತ್ರ ಅದು ಉಳಿಯುವುದು.

ಶುಕ್ರವಾರ ಕೊನೆಗೂ ಹಾಸನದ ಕಚೇರಿಯಿಂದ ಆ ಅಧಿಕಾರಿ, ಶಾಲಿನಿ ಮೇಡಂ, ಬಂದರು. ಕುಳ್ಳಯ್ಯ ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತಂದ. ಹೊಲದ ತಿರುವಿನಲ್ಲಿ ಅವನು ಗಕ್ಕನೆ ನಿಂತ. ಕಲ್ಲು ಬೆಳ್ಳಗೆ ಹೊಳೆಯುತ್ತಿತ್ತು! ನಡುವೆ ಕೆಮ್ಮಣ್ಣಿನ ಪಟ್ಟೆ ಬೇರೆ. ಪಕ್ಕದಲ್ಲಿ ಹೆಂಡತಿ ಮಾರಮ್ಮ ಸುಣ್ಣದ ಬಕೆಟ್ ಹಿಡಿದು ನಿಂತಿದ್ದಳು.

ಮೇಡಂ ತಲೆ ಚಚ್ಚಿಕೊಂಡರು. "ಫೋಟೊದಲ್ಲಿ ಇದು ನಿನ್ನೆ ನೆಟ್ಟ ಕಂಬದ ಥರ ಕಾಣುತ್ತೆ. ನಾನೇನಂತ ಬರೀಲಿ?"

ಕುಳ್ಳಯ್ಯ ಹುಲ್ಲು ಕಿತ್ತು ಕಲ್ಲನ್ನು ಉಜ್ಜಲು ಹೋದ.

"ಉಜ್ಜಬೇಡಿ! ಹಳೇ ಗುರುತೆಲ್ಲ ಅಳಿಸಿಹೋಗುತ್ತೆ."

"ಏಳ್ ಸಲ ಕಚೇರಿ ಸುತ್ತಿದ್ದನ್ನ ಒಂದ್ ಬಕೆಟ್ ಸುಣ್ಣದಾಗೆ ಮುಳುಗ್ಸ್‌ಬುಟ್ಟಲ್ಲೇ ಮಾರಾಯ್ತಿ!" ಎಂದು ಕುಳ್ಳಯ್ಯ ಹೆಂಡತಿಯ ಕಡೆ ತಿರುಗಿದ.

"ಆಫೀಸರು ಬತ್ತಾರೆ ಅಂದ್ರೆ ಸ್ಕೂಲಿಗೆ ಬಳಿಯಲ್ವಾ? ನಮ್ ಕಲ್ಲೊಂದೇ ಮುಖ ತೊಳೀದೆ ನಿಂತಿರ್ಬೇಕಾ?" ಮಾರಮ್ಮ ಬಿಡಲಿಲ್ಲ. "ಪೂರ್ತಿ ಎಲ್ಲಿ ಬಳ್ದಿವ್ನಿ? ಹಿಂದ್ಗಡೆ ಬರೀ ಮುಳ್ಳು. ಅಲ್ಲಿ ಯಾರ್ ನೋಡ್ತಾರೆ ಅಂತ ಬುಟ್ಬುಟ್ಟೆ."

ಕುಳ್ಳಯ್ಯ ಸೊಂಟದ ಕತ್ತಿ ತೆಗೆದು ಮುಳ್ಳಿನ ಪೊದೆಗೆ ನುಗ್ಗಿದ. ಅರ್ಧ ಗಂಟೆ ಸವರಿದ; ಮೊಣಕೈವರೆಗೆ ಮುಳ್ಳು ಗೀರಿತು. ಕಲ್ಲಿನ ಬೆನ್ನು ಕಂಡಿತು: ಕಪ್ಪಗೆ, ಕಲ್ಲುಹೂ ಹಬ್ಬಿ, ಬುಡದಲ್ಲಿ ಹಿಂದಿನವರು ಆಧಾರಕ್ಕೆ ಒತ್ತೊತ್ತಾಗಿ ತುರುಕಿದ ಚಿಕ್ಕ ಕಲ್ಲುಗಳ ಸಮೇತ. ಮೇಡಂ ಮಂಡಿಯೂರಿ ಅಳೆದರು, ಫೋಟೊ ತೆಗೆದರು. ಪೂರ್ತಿ ಪರಿಶೀಲನೆ ಆಗುವವರೆಗೆ ಕಲ್ಲನ್ನು ಯಾರೂ ಮುಟ್ಟಬಾರದೆಂದು ಅಲ್ಲೇ ಬರೆದು ಸಹಿ ಹಾಕಿ ಕುಳ್ಳಯ್ಯನ ಕೈಗಿತ್ತರು.

"ಇನ್ಮೇಲೆ ಇಲ್ಲಿ ಒಂದು ಬೋರ್ಡು ಬರುತ್ತೆ," ಎಂದರು.

ಮಾರಮ್ಮ ಬಕೆಟ್‌ನೊಳಗೆ ಇಣುಕಿದಳು. "ಸುಣ್ಣ ಇನ್ನೂ ಉಳ್ದೈತೆ. ಬೋರ್ಡಿನ ಕಂಬಕ್ಕೆ ಬಳಿಬೌದಾ ಮೇಡಮ್ಮೋರೆ?"

ಕುಳ್ಳಯ್ಯ ಅವಳ ಕೈಯಿಂದ ಬಕೆಟ್ ಕಿತ್ತುಕೊಂಡ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಬಕೆಟ್ ಹಿಡಿದು ಮನೆಯ ಕಡೆ ದಾಪುಗಾಲು ಹಾಕಿದ.