ಚಾರ್ಜಾಗದ ಕಾರು, ಚುಚ್ಚಬೇಕಾದ ಕಿವಿ

ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಬಹಳ ಕಾಲ ನಂಬಿಕೊಂಡಿದ್ದೆ. ಬ್ಯಾಟರಿ ಕಾರು ಕೊಂಡ ಮೇಲೆ ಆ ನಂಬಿಕೆ ಹೋಯಿತು. "ಗಾಡಿ ಹೇಗಿದೆ?" ಎಂದು ಯಾರಾದರೂ ಕೇಳಿದರೆ ಸಾಕು, "ಏನೂ ತೊಂದರೆಯಿಲ್ಲ, ಸದ್ದಿಲ್ಲ, ಹೊಗೆಯಿಲ್ಲ" ಎಂದು ಬಾಯಿ ತಾನಾಗಿಯೇ ಹೇಳಿಬಿಡುತ್ತದೆ. ಕಣ್ಣು ಮಾತ್ರ ಪರದೆಯ ಮೂಲೆಯಲ್ಲಿ ಕರಗುತ್ತಿರುವ ಬ್ಯಾಟರಿಯ ಚಿತ್ರದ ಮೇಲೇ ಇರುತ್ತದೆ. ಮಗಳ ಗಂಡನ ಮನೆ ಹೇಗಿದೆ ಎಂದು ಕೇಳಿದಾಗ ತಾಯಂದಿರು ಕೊಡುವ ಉತ್ತರವೂ ಸುಮಾರಾಗಿ ಇದೇ ಧಾಟಿಯದು.

ನನ್ನ ಮನೆ ಗುಬ್ಬಿಯಲ್ಲಿ, ಕೆಲಸ ತುಮಕೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುವುದು. ನಮ್ಮ ಹಿರಿಯರು ದೂರವನ್ನು ಅಳೆಯುತ್ತಿದ್ದ ಬಗೆಗಳನ್ನು ಪ್ರತಿ ವರ್ಷವೂ ಹುಡುಗರಿಗೆ ಹೇಳುತ್ತೇನೆ. ಹರದಾರಿ, ಗಾವುದ ಎಲ್ಲ ದೊಡ್ಡ ಪ್ರಯಾಣಕ್ಕೆ. ನನ್ನಜ್ಜಿಯ ಅಳತೆಯೇ ಬೇರೆ. ಅವಳಿಗೆ ಪಕ್ಕದ ಹಳ್ಳಿ ಎರಡು ಸಲ ಎಲೆಅಡಿಕೆ ಹಾಕಿಕೊಳ್ಳುವಷ್ಟು ದೂರ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಕೂಗಳತೆ. ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಈ ಅಳತೆಗೆ ಕೋಲೂ ಬೇಡ, ಹಗ್ಗವೂ ಬೇಡ, ಎರಡು ಕಡೆಯಲ್ಲಿ ಇಬ್ಬರು ಮನುಷ್ಯರು ಬೇಕು ಎಂದು ತರಗತಿಯಲ್ಲಿ ವಿವರಿಸಿ ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತೇನೆ. ಹುಡುಗರು ಆಕಳಿಸುತ್ತಾರೆ.

ಈಗ ನನ್ನ ದೂರವನ್ನೆಲ್ಲ ಅಳೆಯುವುದು ಕಾರಿನ ಪರದೆ. ಪೆಟ್ರೋಲ್ ಕಾರಿದ್ದಾಗ ಕುಣಿಗಲ್ ಎಂದರೆ ತಿಂಡಿ ತಿಂದು ಹೊರಟರೆ ಕಾಫಿ ಹೊತ್ತಿಗೆ ಮುಟ್ಟುವ ಊರು. ಬ್ಯಾಟರಿ ಬಂದ ಮೇಲೆ ಅದು ಪರದೇಶವಾಗಿದೆ. ಹೊರಡುವ ಮೊದಲು ಮನೆದೇವರನ್ನು ನೆನೆಯುತ್ತೇನೆ.

ಕಳೆದ ದಸರೆಯ ರಜೆಯಲ್ಲಿ ಆ ಪರದೇಶವನ್ನೂ ದಾಟಿ ಕೊತ್ತಗೆರೆಗೆ ಹೋಗಬೇಕಾಗಿತ್ತು. ಅಲ್ಲಿರುವುದು ನನ್ನ ತಂಗಿ ಶೈಲ. ಮದುವೆಯಾಗಿ ಎಷ್ಟೋ ವರ್ಷ, ಎಷ್ಟೋ ಹರಕೆಗಳ ಮೇಲೆ ಅವಳಿಗೆ ಒಂದು ಹೆಣ್ಣು ಮಗು ಹುಟ್ಟಿದೆ. ಆ ಪುಟ್ಟಿಗೆ ಅಂದು ಕಿವಿ ಚುಚ್ಚಿಸುವ ಶಾಸ್ತ್ರ. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಅವನು ತಂದ ಓಲೆಯನ್ನೇ ಹಾಕಬೇಕು. ಶೈಲಳಿಗೆ ಇರುವುದು ನಾನೊಬ್ಬನೇ ಅಣ್ಣ, ಆದ್ದರಿಂದ ಇರುವುದು ಒಂದೇ ತೊಡೆ. ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಆ ತೊಡೆ ಅಲ್ಲಿರಬೇಕು.

ಅವಳ ಗಂಡ ಮಲ್ಲೇಶ ಹಿಂದಿನ ದಿನವೇ ಫೋನ್ ಮಾಡಿದ್ದ. "ಭಾವ, ಆ ಬ್ಯಾಟ್ರಿ ಗಾಡಿ ನಂಬ್ಕೊಂಡು ಹೊರಡ್ಬ್ಯಾಡಿ. ನಾನೇ ಬಂದು ಕರ್ಕೊಂಡ್ ಬರ್ತೀನಿ." ಇಷ್ಟು ಹೇಳಿದ ಮೇಲೆ ಯಾವ ಮಾನವಂತ ಬೇರೆ ಗಾಡಿಯಲ್ಲಿ ಹೋಗುತ್ತಾನೆ? ಹಾಗೆಂದು ಚಾರ್ಜು ಮಾಡಿಕೊಂಡೆನೇ ಎಂದರೆ ಅದೂ ಇಲ್ಲ. ನಾವಿರುವುದು ಮೊದಲ ಮಹಡಿ. ಕಿಟಕಿಯಿಂದ ಕೇಬಲ್ ಇಳಿಬಿಡುವುದೆಂದರೆ ಬಾವಿಗೆ ಹಗ್ಗ ಬಿಟ್ಟ ಹಾಗೆ. ಆಯುಧಪೂಜೆಗೆ ಮೊದಲು ಹೊಟ್ಟೆ ತುಂಬ ಚಾರ್ಜು ಮಾಡಿದ್ದೆ. ಪೂಜೆಯಾದ ಮೇಲೆ ನೆಂಟರಿಷ್ಟರನ್ನೆಲ್ಲ ಕೂರಿಸಿಕೊಂಡು ತುಮಕೂರಿಗೆ ಓಡಾಡಿ ಅರ್ಧಕ್ಕಿಂತ ಹೆಚ್ಚು ಕರಗಿಸಿದ್ದೆ. ಕುಣಿಗಲ್‌ನಲ್ಲಿ ಹೈವೇ ಪಕ್ಕದ ಹೋಟೆಲಿನ ಮುಂದೆ ಚಾರ್ಜರ್ ಇದೆಯಲ್ಲ, ಇಡ್ಲಿ ತಿನ್ನುವಷ್ಟರಲ್ಲಿ ತುಂಬುತ್ತದೆ ಎಂದು ಹೆಂಡತಿ ಗಿರಿಜಳಿಗೆ ಹೇಳಿ, ಅವಳನ್ನೂ ಕೂರಿಸಿಕೊಂಡು ಹೊರಟೆ.

ಇಡ್ಲಿ ತಿಂದಿದ್ದಾಯಿತು. ಕಾರು ತಿನ್ನಲಿಲ್ಲ. ಚಾರ್ಜರಿನ ಕೇಬಲ್ ತುದಿಯ ಗನ್ನು ಕಾರಿಗೆ ಸಿಕ್ಕಿಸಿದರೆ ಯಂತ್ರ ಒಂದು ಸಲ ಗುರ್ ಎಂದು ಕೆಂಪು ದೀಪ ತೋರಿಸುತ್ತಿತ್ತು. ಕಿತ್ತು ಹಾಕಿದೆ, ಒತ್ತಿ ಹಾಕಿದೆ, ಕೊನೆಗೆ ಕೈಮುಗಿದು ಹಾಕಿದೆ. ಪರದೆಯಲ್ಲಿ ಉಳಿದಿದ್ದ ಬ್ಯಾಟರಿ ಹೋಟೆಲಿನ ಅಂಗಳ ದಾಟಿಸುವುದೂ ಅನುಮಾನವಾಗಿತ್ತು. ಸಹಾಯವಾಣಿಯ ಹುಡುಗಿ ಬಹಳ ಮರ್ಯಾದೆಯಿಂದ, "ಸರ್, ಗಾಡಿ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದಳು. ಮಾಡಿದೆ. "ಇನ್ನೊಂದ್ಸಲ ಮಾಡಿ ಸರ್" ಎಂದಳು.

ನಮ್ಮ ಕಡೆ ಬಾನೆಟ್ ಎತ್ತಿದ ಕಾರಿಗೆ ಜನ ಸೇರುವುದು ಎಲ್ಲರಿಗೂ ಗೊತ್ತು. ಬಾನೆಟ್ ಎತ್ತದಿದ್ದರೂ ಸೇರುತ್ತಾರೆಂದು ನನಗೆ ಅಂದು ಗೊತ್ತಾಯಿತು. ಒಬ್ಬರು ವೈರಿಂಗ್ ಎಂದರು, ಇನ್ನೊಬ್ಬರು ವೋಲ್ಟೇಜ್ ಎಂದರು, ಮೂರನೆಯವರು ದೃಷ್ಟಿಯಾಗಿದೆ ಎಂದರು. ಟೀ ಹಿಡಿದು ನಿಂತಿದ್ದ ಹಿರಿಯರೊಬ್ಬರು, "ನಮ್ಮೂರಲ್ಲಿ ಒಳ್ಳೊಳ್ಳೆ ಕುದುರೆ ಸಾಕ್ತಾರೆ ಸಾರ್. ಒಂದ್ ತಂದು ಮುಂದಕ್ಕೆ ಕಟ್ಬುಡಿ" ಎಂದು ಸಲಹೆ ಕೊಟ್ಟರು. ಯಂತ್ರದ್ದೇ ತಪ್ಪೆಂದು ನಾನು ವಾದಿಸುತ್ತಿರುವಾಗ ಇನ್ನೊಂದು ಬ್ಯಾಟರಿ ಕಾರು ಬಂತು. ಅದೇ ಗನ್ನು ಸಿಕ್ಕಿಸಿತು, ಹಸಿರು ದೀಪ ಹತ್ತಿತು, ತನಗೆ ಬೇಕಾದಷ್ಟು ಕುಡಿದು ಹೊರಟೇ ಹೋಯಿತು. ನನ್ನ ವಾದವೂ ಅದರ ಜೊತೆಗೇ ಹೋಯಿತು.

ನಡುವೆ ಶೈಲಳ ಫೋನು. "ಎಲ್ಲಿದೀಯಣ್ಣ?"

"ಇಲ್ಲೇ ಕಣೇ, ಬಂದ್ಬಿಟ್ವಿ."

ಸ್ವಲ್ಪ ಹೊತ್ತಿಗೆ ಮತ್ತೆ ಬಂತು. "ಅಣ್ಣ, ಟೈಮಾಗ್ತಾ ಐತೆ. ನೀನು ಬರೋವರ್ಗೂ ಮಗೂನ ಯಾರ ತೊಡೆ ಮೇಲೂ ಕೂರ್ಸಲ್ಲ ಅಂದ್ಬಿಟ್ಟಿದೀನಿ."

"ಕುಣಿಗಲ್ ದಾಟ್ತಿದೀವಿ" ಎಂದೆ. ಆಟೋ ಹತ್ತಿ ಹೋಗಿಬಿಡಬಹುದಾಗಿತ್ತು, ನಿಜ. ಆದರೆ ಮಲ್ಲೇಶನ ಮನೆ ಮುಂದೆ ಆಟೋದಿಂದ ಇಳಿಯುವ ನನ್ನನ್ನು ಕಲ್ಪಿಸಿಕೊಂಡಾಗಲೆಲ್ಲ, ಇನ್ನೊಂದು ಸಲ ಗನ್ನು ಸಿಕ್ಕಿಸಿ ನೋಡೋಣ ಅನ್ನಿಸುತ್ತಿತ್ತು.

ಗಿರಿಜ ಫೋನು ಕಿತ್ತುಕೊಂಡಳು. "ಶೈಲ, ನಿಮ್ಮಣ್ಣ ಏನೂ ದಾಟ್ತಾ ಇಲ್ಲ ಕಣೇ. ಕುಣಿಗಲ್ ಹೈವೇ ಹೋಟ್ಲು ಮುಂದೆ ನಿಂತವ್ರೆ. ಗಾಡಿ ಚಾರ್ಜ್ ಆಗ್ತಿಲ್ಲ."

ನಾನು ಬೈಗುಳಕ್ಕೆ ಸಿದ್ಧನಾದೆ. ಶೈಲ ಅಂದದ್ದು ಇಷ್ಟೇ: "ಅಷ್ಟೇನಾ? ಹೇಳೋದಲ್ವಾ ಅತ್ತಿಗೆ! ಕಿವಿ ಚುಚ್ಚೋ ಆಚಾರ್ರೂ ಕುಣಿಗಲ್‌ನೋರೇ. ಅವ್ರನ್ನ ಇಲ್ಲಿಗೆ ಕರ್ಸೋ ಬದ್ಲು ನಾವೇ ಅಲ್ಲಿಗೆ ಬರ್ತೀವಿ ಬುಡಿ."

ರಾಹುಕಾಲ ಹಿಡಿಯುವ ಮೊದಲೇ ಬಂದೇಬಿಟ್ಟರು. ಮಲ್ಲೇಶನ ಹಳೇ ಡೀಸೆಲ್ ಜೀಪು ಹೊಗೆ ಕಾರುತ್ತ ಬಂದು ನನ್ನ ಹೊಗೆಯಿಲ್ಲದ ಕಾರಿನ ಪಕ್ಕದಲ್ಲೇ ನಿಂತಿತು. ಅದರಿಂದ ಶೈಲ ಇಳಿದಳು, ಪುಟ್ಟಿ ಇಳಿದಳು, ಆರತಿ ತಟ್ಟೆ, ಹೋಳಿಗೆ ಡಬ್ಬ ಇಳಿದವು, ಶೈಲಳ ಅತ್ತೆ ಸಿದ್ದಗಂಗಮ್ಮ ಇಳಿದರು. ದಾರಿಯಲ್ಲಿ ಹತ್ತಿಸಿಕೊಂಡಿದ್ದ ಆಚಾರ್ರು ಕಿವಿ ಚುಚ್ಚುವ ಚಿನ್ನದ ತಂತಿಯ ಪೊಟ್ಟಣ ಹಿಡಿದು ಇಳಿದರು. ಹೊಂಗೆ ಮರದ ಕೆಳಗೆ ಹೋಟೆಲಿನವರೇ ಕುರ್ಚಿ ಹಾಕಿಕೊಟ್ಟರು. ನಾನು ತಂದಿದ್ದ ಓಲೆಯನ್ನು ಆಚಾರ್ರ ಕೈಗೆ ಕೊಟ್ಟು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ವೋಲ್ಟೇಜಿನವರು, ದೃಷ್ಟಿಯವರು, ಕುದುರೆಯವರು ಎಲ್ಲರೂ ಕಾರನ್ನು ಬಿಟ್ಟು ಈ ಕಡೆ ತಿರುಗಿ ನಿಂತರು. ಬೆಲ್ಲದ ಚೂರು ಚೀಪುತ್ತಿದ್ದ ಪುಟ್ಟಿ ಒಂದು ಕಿವಿಗೆ ಅಳಲಿಲ್ಲ, ಏನಾಯಿತೆಂದು ನನ್ನ ಮುಖ ನೋಡಿದಳು ಅಷ್ಟೆ. ಎರಡನೆಯದಕ್ಕೆ ಮೊದಲನೆಯದನ್ನೂ ಸೇರಿಸಿ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಅದನ್ನು ಮುಚ್ಚಿಡಬೇಕೆಂದು ಆಗ ಅನ್ನಿಸಲಿಲ್ಲ.

ಅಳು ನಿಲ್ಲಿಸಲು ಸಿದ್ದಗಂಗಮ್ಮ ಮಗುವಿನ ಹಣೆಗೆ ವಿಭೂತಿ ಹಚ್ಚಲು ಹೊರಟರು. ಅವಸರದಲ್ಲಿ ಅದನ್ನೇ ಮರೆತು ಬಂದಿದ್ದರು. "ನಿನ್ ಚೀಲದಲ್ಲಿ ಐತೇನವ್ವ?" ಎಂದು ಗಿರಿಜಳನ್ನು ಕೇಳಿದರು.

"ಇಲ್ಲ ಕಣಮ್ಮ. ಇದ್ದ ಗಟ್ಟಿಯೆಲ್ಲ ಆಯುಧಪೂಜೆಗೆ ಗಾಡಿಗೇ ಖರ್ಚಾಯ್ತು. ಚಕ್ರಕ್ಕೆ, ಸ್ಟೇರಿಂಗ್‌ಗೆ, ಆಮೇಲೆ ಆ ಬಾಯಿಗೆ."

"ಯಾವ ಬಾಯಿಗೆ?" ಎಂದೆ ನಾನು.

"ಅದೇ ರೀ, ಕರೆಂಟು ತಿನ್ನೋ ಬಾಯಿ. ಗಾಡಿಗೆ ಪ್ರಾಣ ಬರೋದೇ ಅಲ್ಲಿಂದ ಅಂತ ನೀವೇ ಹೇಳಿದ್ರಿ. ಮುಚ್ಚಳ ತೆಗ್ದು, ವಿಭೂತಿ ನೆನೆಸಿ ಚೆನ್ನಾಗಿ ಬಳ್ದೆ. ಕುಂಕುಮಾನೂ ಇಟ್ಟೆ."

ಮಗುವನ್ನು ಶೈಲಳ ಕೈಗೆ ಕೊಟ್ಟು ಓಡಿದೆ. ಬಗ್ಗಿ, ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಒಳಗೆ ಪುಟ್ಟದೊಂದು ದೇವಸ್ಥಾನ! ಒಂದೊಂದು ತೂತಿನ ಸುತ್ತಲೂ ಒಣಗಿ ಬಿಳುಚಿದ ವಿಭೂತಿ, ನಡುವೆ ಕುಂಕುಮ, ಮೂಲೆಯಲ್ಲಿ ಸೇವಂತಿಗೆಯ ಒಂದು ಎಸಳು. ಇಷ್ಟು ಹೊತ್ತೂ ಮುಖ ಯಂತ್ರದ ಕಡೆ ಮಾಡಿಕೊಂಡು, ಕೈಯಂದಾಜಿನಲ್ಲೇ ಗನ್ನು ತುರುಕುತ್ತಿದ್ದ ನನಗೆ ಅದು ಕಂಡಿರಲಿಲ್ಲ. ಮನೆಯವರೇ ಪ್ರೀತಿಯಿಂದ ಬಾಯಿ ಮುಚ್ಚಿಸಿದ್ದರೆ ಕಾರಾದರೂ ಏನು ತಿಂದೀತು?

ಪಕ್ಕದ ಪಂಚರ್ ಅಂಗಡಿಯಿಂದ ಗಾಳಿ ಪೈಪು ಎಳೆದು ತಂದು ಒಳಕ್ಕೆ ಬಿಟ್ಟೆ. ಗಾಳಿ ಒಳಗೆ ಹೋಯಿತು, ವಿಭೂತಿಯೆಲ್ಲ ಹೊರಗೆ ಬಂತು, ಬಂದು ನನ್ನ ಮುಖದ ಮೇಲೆ ಕೂತಿತು. ಸಿದ್ದಗಂಗಮ್ಮ ಹತ್ತಿರ ಬಂದವರು ನನ್ನ ಕೆನ್ನೆಯಿಂದ ಬೆರಳಲ್ಲಿ ಇಷ್ಟು ತೆಗೆದು ಪುಟ್ಟಿಯ ಹಣೆಗೆ ಎಳೆದೇಬಿಟ್ಟರು. "ಸಿಕ್ತು ಬುಡಪ್ಪ. ಅದೂ ಸೋದರಮಾವನ ಕಡೆಯಿಂದ್ಲೇ ಸಿಕ್ತು." ಪುಟ್ಟಿ ಬಿಳೀ ಮುಖದ ಮಾವನನ್ನು ನೋಡಿ ಅಳುವುದನ್ನು ಮರೆತಳು. ಗನ್ನು ಸಿಕ್ಕಿಸಿದೆ. ಹಸಿರು ದೀಪ ಹತ್ತಿತು.

ಕಾರು ತುಂಬುವವರೆಗೆ ಹೊಂಗೆ ಮರದ ಕೆಳಗೇ ಎಲೆ ಹಾಕಿದರು. ಮಲ್ಲೇಶ ನನ್ನೆಲೆಗೆ ಇನ್ನೊಂದು ಹೋಳಿಗೆ ಹಾಕಿ, "ಭಾವ, ನಿಮ್ ಗಾಡಿ ಎಷ್ಟು ದೂರ ಹೋಗುತ್ತೆ?" ಎಂದು ಕೇಳಿದ. ಕೀಟಲೆಯ ಪ್ರಶ್ನೆಯೇ. ಅಂಥ ಪ್ರಶ್ನೆಗೆ ನನ್ನಲ್ಲಿ ಒಂದು ಸಿದ್ಧ ಸುಳ್ಳು ಯಾವಾಗಲೂ ಇರುತ್ತದೆ. ಅಂದು ಬಾಯಿಗೆ ಬರಲಿಲ್ಲ. ಪಕ್ಕದಲ್ಲಿ ಶೈಲ ಮಗಳಿಗೆ ಹೋಳಿಗೆ ಮುರಿದು ತಿನ್ನಿಸುತ್ತಿದ್ದಳು. ನಾನು ಎಲ್ಲಿಯವರೆಗೆ ಹೋಗಬಲ್ಲೆ ಎಂದು ಪರದೆ ಬೆಳಗಿನಿಂದ ತೋರಿಸುತ್ತಲೇ ಇತ್ತು. ಆ ಕಡೆಯಿಂದಲೂ ಯಾರಾದರೂ ಹೊರಟು ಬರಬಹುದೆಂಬುದನ್ನು ಅದು ತೋರಿಸುವುದಿಲ್ಲ. ಪ್ರತಿ ವರ್ಷ ಹುಡುಗರಿಗೆ ಪಾಠ ಹೇಳುವ ನನಗೆ ಹೊಳೆಯಬೇಕಿತ್ತು. ಕೊತ್ತಗೆರೆ ಬೆಳಗಿನಿಂದಲೂ ಕೂಗಳತೆಯಲ್ಲೇ ಇತ್ತು. ನಾನು ಕೂಗಿರಲಿಲ್ಲ, ಅಷ್ಟೆ.