ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದ ರೂಟರ್

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಒಂದು ಪುಟ್ಟ ರೂಟರ್ ಕೊಳ್ಳಲು ಹೋಗಿ ನನ್ನ ಕೆಲಸವನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದದ್ದು ಈ ಕೋಪದಿಂದಲೇ. ಅದನ್ನು ಉಳಿಸಿಕೊಟ್ಟವರು ಕಂಪ್ಯೂಟರಿನ ಕಡೆ ತಲೆಯೆತ್ತಿಯೂ ನೋಡದ ನಮ್ಮತ್ತೆ.

ಆಗ ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಚಿಂತಾಮಣಿಯಲ್ಲಿ ಡಿಪ್ಲೊಮಾ ಓದಿ, ಬೆಂಗಳೂರಿನ ಒಂದು ಕಚೇರಿಯಲ್ಲಿ ಮೂರು ವರ್ಷ ದುಡಿದು, ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಿದ್ದೆ. ಡಾಕ್ಟರುಗಳು ರೋಗಿಯ ಬಗ್ಗೆ ಹೇಳಿ ಧ್ವನಿಮುದ್ರಿಸಿದ್ದನ್ನು ಕೇಳಿಸಿಕೊಂಡು ಟೈಪು ಮಾಡುವ ಕೆಲಸ ನನ್ನದು. ಮದುವೆಯಾದ ಮೇಲೆ ಬಿಡಬೇಕಲ್ಲ ಎಂದು ಅಳುಮೋರೆ ಹಾಕಿಕೊಂಡಿದ್ದಾಗ, ಮನೆಯಿಂದಲೇ ಮಾಡಬಹುದು ಎಂದು ಕಚೇರಿಯವರೇ ಹೇಳಿದರು. ಆದರೆ ಷರತ್ತುಗಳಿದ್ದವು. ಇಂಟರ್ನೆಟ್ ತಂತಿಯಲ್ಲೇ ಬರಬೇಕು, ಗಾಳಿಯಲ್ಲಿ ಬರುವುದು ಬೇಡ. ನನ್ನ ಕಂಪ್ಯೂಟರು ಮನೆಯ ಬೇರೆ ಯಾವ ಕಂಪ್ಯೂಟರಿನ ಸಂಪರ್ಕಕ್ಕೂ ಸಿಗಬಾರದು. ಸೋಮವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಪರೀಕ್ಷೆ ಮಾಡುತ್ತಾರೆ. ಮಧ್ಯೆ ಸಂಪರ್ಕ ಕಡಿದರೆ ಆ ಜಾಗ ಪಟ್ಟಿಯಲ್ಲಿ ಮುಂದಿರುವವರಿಗೆ.

ಬೇರೆ ಕಂಪ್ಯೂಟರುಗಳು ನಮ್ಮ ಮನೆಯಲ್ಲಿ ಧಾರಾಳವಾಗಿದ್ದವು. ಮುಂದಿನ ಕೋಣೆಯಲ್ಲಿ ನಮ್ಮವರ ಅಂಗಡಿ: ಅರ್ಜಿ ತುಂಬುವುದು, ಫಲಿತಾಂಶ ನೋಡುವುದು, ಪ್ರಿಂಟು ತೆಗೆಯುವುದು. ಇಡೀ ತಾಲ್ಲೂಕಿನ ಪೆನ್ ಡ್ರೈವುಗಳು ಅಲ್ಲಿಗೆ ಬರುತ್ತಿದ್ದವು, ಜೊತೆಗೆ ಇಡೀ ತಾಲ್ಲೂಕಿನ ವೈರಸ್ಸುಗಳೂ. ಅಂಗಡಿ ದಾಟಿದರೆ ವಾಸದ ಮನೆ. ಅದರ ಹಿಂದೆ ಅತ್ತೆಯ ಹುಳುಮನೆ, ಎಂದರೆ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ. ಅದಕ್ಕೂ ಹಿಂದೆ ಹಿಪ್ಪುನೇರಳೆ ಸೊಪ್ಪು ಬಾಡದಂತೆ ಇಡುವ ತಣ್ಣನೆಯ ಸೊಪ್ಪಿನ ಕೋಣೆ. ಕಿವಿಗೆ ಹೆಡ್‌ಫೋನು ಹಾಕಿ ಕೂರಲು ಸದ್ದಿಲ್ಲದ ಜಾಗ ಅದೊಂದೇ. ಅದರ ಒಂದು ಮೂಲೆಯನ್ನು ಅತ್ತೆ ನನಗೆ ಬಿಟ್ಟುಕೊಟ್ಟರು.

ಒಂದೇ ಲೈನನ್ನು ಅಂಗಡಿಗೂ ನನಗೂ ಹಂಚಬೇಕು, ಆದರೆ ಎರಡೂ ಒಂದಕ್ಕೊಂದು ತಾಗಬಾರದು. ಅದಕ್ಕೆ ಬೇಕಾದದ್ದು ತಂತಿ ಸಿಕ್ಕಿಸುವ ಪ್ರತಿ ತೂತನ್ನೂ ಬೇರೆ ಬೇರೆಯಾಗಿ ಕಟ್ಟಿಹಾಕಬಲ್ಲ ಒಂದು ತಂತಿಯ ರೂಟರ್. ಇದನ್ನು ನಮ್ಮವರಿಗೆ ಮೂರು ದಿನ ವಿವರಿಸಿದೆ. ಇರುವ ಡಬ್ಬಿಯೇ ಸಾಕಲ್ಲ ಎನ್ನುತ್ತಿದ್ದರು. ಅತ್ತೆಗೆ ಒಂದೇ ಮಾತಿಗೆ ಅರ್ಥವಾಯಿತು. ರೋಗ ಬಿದ್ದ ಹುಳುವಿನ ತಟ್ಟೆಯ ಪಕ್ಕದಲ್ಲಿ ಒಳ್ಳೆಯ ತಟ್ಟೆ ಇಡುತ್ತಾರೇನೋ ಎಂದು ಮಗನನ್ನು ಗದರಿ, ರೂಟರ್ ಇಡಲು ಜಾಗವನ್ನೂ ತೋರಿಸಿದರು. ಹುಳುಮನೆಯ ಗೋಡೆಯಲ್ಲಿ, ಹಿಂದೆ ದೀಪ ಇಡುತ್ತಿದ್ದ ಪುಟ್ಟ ಮಾಡ. ಅತ್ತೆಯನ್ನು ಬಿಟ್ಟು ಯಾರೂ ಕಾಲಿಡದ ಕೋಣೆ, ಹಾಗಾಗಿ ಯಾರ ಕೈಗೂ ಸಿಗದ ಜಾಗ. ತೊಂದರೆ ಎಂದರೆ ಆ ಮಾಡದ ಅಗಲ ಒಂದು ಗೇಣು ಕೂಡ ಇರಲಿಲ್ಲ. ತಟ್ಟೆಗಳ ಮೇಲೆ ಸುಣ್ಣದ ಪುಡಿ ಎರಚುವ ಮನೆಯಾದ್ದರಿಂದ, ಫ್ಯಾನು ಗೀನು ಇಲ್ಲದ, ಮುಚ್ಚಿದ ಲೋಹದ ಪೆಟ್ಟಿಗೆಯೇ ಆಗಬೇಕಿತ್ತು.

ಶನಿವಾರ ಚಿಂತಾಮಣಿಗೆ ಹೊರಟೆ. ಅತ್ತೆಯೂ ಹೊರಟರು. ಹುಳುಗಳು ನಾಲ್ಕನೆಯ ಸಲ ಪೊರೆ ಬಿಡಲು ಕೂತಿದ್ದವು. ಆ ಒಂದು ದಿನ ಅವು ಸೊಪ್ಪು ಮುಟ್ಟುವುದಿಲ್ಲ, ಸಾಕುವವರಿಗೂ ಬಿಡುವು. ತನ್ನ ಹುಳುಮನೆಗೆ ಬರುವ ವಸ್ತುವನ್ನು ತಾನು ನೋಡದೆ ಒಳಗೆ ಬಿಡುವುದಿಲ್ಲ ಎಂದರು. ನಾನು ಗೋಡೆಯ ಆ ಮಾಡದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವರು ಹಿಪ್ಪುನೇರಳೆಯ ಒಂದು ಕಡ್ಡಿಯನ್ನು ಮಾಡದ ಅಗಲಕ್ಕೆ ಸರಿಯಾಗಿ ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಅಲ್ಲಿನ ಕಂಪ್ಯೂಟರ್ ಅಂಗಡಿಯವನು ಮೊದಲು ಕೇಳಿದ್ದು, ಸಾರ್ ಬರಲಿಲ್ಲವೇ ಎಂದು. ನಾನು ಬೇಕಾದದ್ದನ್ನು ಹೇಳಿದೆ. ಅವನು ಎರಡು ಕೊಂಬಿನ ವೈರ್‌ಲೆಸ್ ಡಬ್ಬಿ ತೆಗೆದಿಟ್ಟು, ಮನೆಯಲ್ಲಿ ಸಾರ್‌ಗೆ ತೋರಿಸಿ ನೋಡಿ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ಅತ್ತೆ ಕಡ್ಡಿ ತೆಗೆದು ಅದಕ್ಕೆ ಅಡ್ಡ ಹಿಡಿದು, ಅರ್ಧ ಆಚೆ ಇರುತ್ತದೆ ಎಂದು ಪಕ್ಕಕ್ಕೆ ತಳ್ಳಿದರು. ಇನ್ನೊಂದು ತಂದ, ತೂತು ನಾಲ್ಕಿದ್ದರೂ ಬೇರೆ ಬೇರೆ ಮಾಡಲು ಬರುವುದಿಲ್ಲ ಎಂದು ನಾನು ತಳ್ಳಿದೆ. ಇದೆಲ್ಲ ಮನೆಗೆ ಯಾಕೆ ಬೇಕು ಮೇಡಂ, ನಿಮಗೆ ಗೊತ್ತಾಗುವುದಿಲ್ಲ ಎಂದ. ನನ್ನ ಮೈಯೆಲ್ಲ ಉರಿಯಿತು. ಕೊನೆಗೆ ಮೇಲಿನ ಅಟ್ಟಣಿಗೆಯಿಂದ ಧೂಳು ಹಿಡಿದ ಎರಡು ಪೆಟ್ಟಿಗೆ ಇಳಿಸಿದ. ಒಳಗಿದ್ದದ್ದು ಒಂದೇ ಬಗೆಯ ಎರಡು ರೂಟರ್. ಅಂಗೈಯಗಲ, ಬೂದು ಬಣ್ಣದ ಲೋಹದ ಮೈ, ಫ್ಯಾನಿಲ್ಲ, ಕೊಂಬಿಲ್ಲ. ಪುಸ್ತಕ ತೆರೆದು ನೋಡಿದೆ. ಪ್ರತಿ ತೂತನ್ನೂ ಬೇರೆ ಮಾಡಬಹುದು. ಅತ್ತೆಯ ಕಡ್ಡಿಗೂ ಸರಿಹೋಯಿತು. ನನಗೆ ಅದನ್ನು ಎತ್ತಿ ಮುದ್ದಾಡುವಷ್ಟು ಖುಷಿ.

ಎರಡರಲ್ಲಿ ಯಾವುದು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದನ್ನು ಅಲ್ಲಾಡಿಸಿದರು. ಒಳಗೆ ಸಣ್ಣಗೆ ಟಿಕ್ ಟಿಕ್ ಎಂದಿತು. ರೇಷ್ಮೆಗೂಡನ್ನು ನೋಡುವುದು ಹೀಗೆಯೇ. ಒಳಗಿನ ಹುಳು ಚೆನ್ನಾಗಿ ಕೋಶವಾಗಿದ್ದರೆ ಗೂಡು ಅಲ್ಲಾಡಿಸಿದಾಗ ಸದ್ದು ಕೊಡುತ್ತದೆ; ಸತ್ತು ಕರಗಿದ್ದರೆ ಕೊಡುವುದಿಲ್ಲ. ನಲವತ್ತು ವರ್ಷ ಗೂಡು ಅಲ್ಲಾಡಿಸಿದ ಕೈ ಅದು.

"ಇದೇ ಇರ್ಲಿ. ಇದ್ರೊಳಗೆ ತುಂಬ್ಕೊಂಡೈತೆ. ಅದು ಪೊಳ್ಳು," ಎಂದರು ಅತ್ತೆ.

ಅಂಗಡಿಯವನು ನಕ್ಕ. ಸುಮ್ಮನೆ ನಗಲಿಲ್ಲ, ಪಕ್ಕದಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳಿಗೂ ತೋರಿಸಿ, ಅವ್ವ ಪಟ್ಟುಗೂಡು ಅಂದ್ಕೊಂಡವ್ರೆ ಎಂದು ರೇಷ್ಮೆಗೂಡಿಗೆ ತೆಲುಗು ಬೆರೆಸಿ ಹೇಳಿ ನಕ್ಕ. ಅವರೂ ನಕ್ಕರು.

ಒಳಗೆ ಸದ್ದು ಮಾಡುವ ರೂಟರ್ ಕೊಳ್ಳಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಏನೋ ಸಡಿಲವಾಗಿದೆ ಎಂದೇ ಅದರರ್ಥ. ಆದರೆ ಅತ್ತೆಯ ಮುಖ ಸಣ್ಣಗಾದದ್ದನ್ನು ನೋಡಿದೆ. ಈಗ ನಾನೂ ಅವರದು ತಪ್ಪು ಎಂದರೆ ಆ ನಗುವವರ ಸಾಲಿಗೆ ನಾನೂ ಸೇರಿದ ಹಾಗೆ ಅನ್ನಿಸಿತು. ನಮ್ಮತ್ತೆ ಹೇಳಿದ್ದನ್ನೇ ಕಟ್ಟಿಕೊಡಿ ಎಂದು ದರ್ಪದಿಂದ ಹೇಳಿ, ಅದನ್ನೇ ತೆಗೆದುಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ಅತ್ತೆ ಕಡಲೆಕಾಯಿ ಕೊಡಿಸಿದರು.

ಭಾನುವಾರ ಎಲ್ಲ ಜೋಡಿಸಿದೆ. ಅಂಗಡಿ ಒಂದು ಕಡೆ, ನಾನು ಒಂದು ಕಡೆ, ಒಂದಕ್ಕೊಂದು ಕಾಣದಂತೆ ಕಟ್ಟಿದೆ. ಸೊಗಸಾಗಿ ಓಡಿತು. ನನ್ನ ಕೋಪವೇ ಗೆದ್ದಿತು ಎಂದುಕೊಂಡೆ. ಮರುದಿನ ಹತ್ತಕ್ಕೆ ಪರೀಕ್ಷೆ ಶುರುವಾಯಿತು, ಹನ್ನೊಂದಕ್ಕೆ ಲೈನು ಕಡಿಯಿತು. ಹುಳುಮನೆಗೆ ಓಡಿದರೆ ರೂಟರಿನ ದೀಪಗಳೆಲ್ಲ ಆರಿದ್ದವು. ಎತ್ತಿದೆ, ಒಳಗೆ ಟಿಕ್ ಎಂದಿತು, ದೀಪ ಹತ್ತಿತು. ಇಟ್ಟೆ, ಮತ್ತೆ ಆರಿತು. ಸಡಿಲಾದ ಸ್ಕ್ರೂ ಒಂದು ಒಳಗೆ ಉರುಳಾಡಿ ತಾಗಬಾರದ ಕಡೆ ತಾಗುತ್ತಿತ್ತು. ನಾನೇ ಬಿಚ್ಚಿದರೆ ಮೊಹರು ಹರಿಯುತ್ತದೆ, ಆಮೇಲೆ ಅಂಗಡಿಯವನು ಮುಟ್ಟುವುದಿಲ್ಲ. ಅಷ್ಟರಲ್ಲಿ ಕಚೇರಿಯಿಂದ ಫೋನು ಬಂತು. ನಾಳೆ ಹತ್ತಕ್ಕೆ ಇನ್ನೊಂದೇ ಸಲ ನೋಡುತ್ತೇವೆ, ಇವತ್ತು ಮಧ್ಯಾಹ್ನ ಎರಡಕ್ಕೆ ಫೋನು ಮಾಡಿ ನಿಮ್ಮ ಕಂಪ್ಯೂಟರನ್ನು ತಪಾಸಣೆ ಮಾಡುತ್ತೇವೆ, ಎದುರಿಗೇ ಇರಿ ಎಂದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಸೊಪ್ಪಿನ ರಾಶಿಯ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ.

ಅಂದು ನಮ್ಮವರು ಮದುವೆ ಮಾತುಕತೆಯೊಂದಕ್ಕೆ ಗೌರಿಬಿದನೂರಿಗೆ ಹೋಗಿದ್ದರು. ಬರುವುದು ರಾತ್ರಿಗೆ, ಅಷ್ಟರಲ್ಲಿ ಚಿಂತಾಮಣಿಯ ಅಂಗಡಿ ಮುಚ್ಚಿರುತ್ತದೆ. ನಾನು ಎದ್ದು ಹೋಗುವಂತಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದರು.

"ನಾನ್ ಹೋಗ್ಬರ್ತೀನಿ. ನೀನು ಹುಳ ನೋಡ್ಕೊ," ಎಂದರು.

ಈ ಮಾತಿನ ತೂಕ ರೇಷ್ಮೆ ಸಾಕಿದವರಿಗೆ ಮಾತ್ರ ಗೊತ್ತು. ಪೊರೆ ಬಿಟ್ಟು ಎದ್ದ ಹುಳು ಹಸಿದು ಬಕಾಸುರನಾಗಿರುತ್ತದೆ. ಆ ಏಳೆಂಟು ದಿನ ಅತ್ತೆ ಹತ್ತಿರದ ನೆಂಟರ ಮನೆಯ ಊಟಕ್ಕೂ ಹೋಗುತ್ತಿರಲಿಲ್ಲ. ಬೆಳೆ ಕೆಟ್ಟರೆ ಇಡೀ ತಿಂಗಳ ದುಡಿಮೆ ಗೊಬ್ಬರದ ಗುಂಡಿಗೆ. ನಾನೋ, ಮದುವೆಯಾಗಿ ಏಳು ತಿಂಗಳಾಗಿದ್ದರೂ ಆ ಹುಳುಗಳನ್ನು ಬೆರಳಲ್ಲಿ ಮುಟ್ಟಿದವಳಲ್ಲ. ನೋಡಿದರೇ ಮೈ ಜುಮ್ಮೆನ್ನುತ್ತಿತ್ತು. ಅದು ಅತ್ತೆಗೆ ಗೊತ್ತಿತ್ತು, ಒಂದು ದಿನವೂ ಕೊಂಕು ಆಡಿರಲಿಲ್ಲ. ಸುಣ್ಣದ ಪುಡಿ ತುಳಿದು ಒಳಗೆ ಬಾ, ಸೊಪ್ಪು ಒದ್ದೆ ಇದ್ದರೆ ಹಾಕಬೇಡ, ಅಂಚಿಗೂ ಸಮನಾಗಿ ಹರಡು ಎಂದಷ್ಟೇ ಹೇಳಿ, ರೂಟರನ್ನು ಒಂದು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದರು.

ನಾನು ಹಲ್ಲು ಕಚ್ಚಿಕೊಂಡು ಹುಳುಮನೆಗೆ ಹೋದೆ. ಮೊದಲ ತಟ್ಟೆಗೆ ದೂರದಿಂದಲೇ ಸೊಪ್ಪು ಎರಚಿದೆ. ಒಂದೇ ಕಡೆ ಗುಪ್ಪೆಯಾಗಿ ಬಿತ್ತು. ಆಚೆ ಅಂಚಿನ ಹುಳುಗಳು ತಲೆಯೆತ್ತಿ ಗಾಳಿಯಲ್ಲಿ ಹುಡುಕತೊಡಗಿದವು. ಅಯ್ಯೋ ಅನ್ನಿಸಿತು. ಕೈಯಿಂದಲೇ ಹರಡಿದೆ. ಬೆರಳಿಗೆ ತಾಗಿದ ಹುಳು ತಣ್ಣಗೆ, ಮೆತ್ತಗೆ, ಯಾರಿಗೂ ಏನೂ ಕೆಡುಕು ಮಾಡದ ಹಾಗಿತ್ತು. ಎರಡನೆಯ ಸಾಲಿಗೆ ಬರುವ ಹೊತ್ತಿಗೆ ಅಂಜಿಕೆ ಹೋಗಿ, ಯಾವ ತಟ್ಟೆಯೂ ಹಸಿದಿರಬಾರದು ಎಂಬ ಚಿಂತೆ ಮಾತ್ರ ಉಳಿಯಿತು. ಎರಡಕ್ಕೆ ಕಚೇರಿಯ ಫೋನು ಬಂತು. ನಮ್ಮವರ ಅಂಗಡಿ ಅಂದು ಮುಚ್ಚಿದ್ದರಿಂದ, ಅಲ್ಲಿನ ಹಳೆಯ ಡಬ್ಬಿಯಿಂದಲೇ ಒಂದು ತಂತಿ ಎಳೆದು ತಪಾಸಣೆ ಮುಗಿಸಿದೆ.

ಅತ್ತೆ ಬಂದಾಗ ನಾಲ್ಕು ದಾಟಿತ್ತು. ಮೊದಲು ಹುಳುಮನೆಗೆ ಹೋಗಿ ತಟ್ಟೆ ತಟ್ಟೆಯನ್ನೂ ನೋಡಿ ಬಂದರು. ಆಮೇಲೆ ಟವೆಲ್ಲು ಬಿಚ್ಚಿ ಇನ್ನೊಂದು ರೂಟರನ್ನು, ಅವರೇ ಪೊಳ್ಳು ಎಂದದ್ದನ್ನು, ನನ್ನ ಕೈಯಲ್ಲಿಟ್ಟರು. ಅಂಗಡಿಯವನು ಮೊದಲು ಕೊಡುವುದಿಲ್ಲ ಎಂದನಂತೆ. ಕೊಡುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ, ಮನೆಯಲ್ಲಿ ಹುಳು ಹಸಿದಿವೆ, ಅವುಗಳ ಶಾಪ ನಿನಗೇ ಎಂದರಂತೆ. ಕೊಟ್ಟನಂತೆ. ಕೊಡುವಾಗ, ಸದ್ದು ಮಾಡುವುದೇ ಕೆಟ್ಟದ್ದು ಎಂದು ಅವನೇ ಹೇಳಿದನಂತೆ.

"ನಿನ್ಗೆ ಅವತ್ತೇ ಗೊತ್ತಿತ್ತಲ್ವಾ? ಯಾಕ್ ಹೇಳ್ಲಿಲ್ಲ?" ಎಂದು ಕೇಳಿದರು.

ಸುಳ್ಳು ಹೇಳಲು ಬರಲಿಲ್ಲ. "ಅವ್ನು ನಿಮ್ಮನ್ನ ನೋಡಿ ನಕ್ಕ ಅತ್ತೆ. ಅದಕ್ಕೆ."

"ಅವ್ನು ನಕ್ರೆ ನನ್ ಮೈಯೇನು ಸವೀತದಾ? ನಿನ್ ಕೆಲ್ಸ ಹೋಗಿದ್ರೆ ನಾನೆಲ್ಲಿಂದ ತಂದ್ಕೊಡ್ಲಿ? ನಾನು ತಪ್ಪು ಅಂದ್ರೆ ತಪ್ಪು ಅನ್ನು. ಎಷ್ಟ್ ಜನ ಇದ್ರೂ ಅನ್ನು ಕಣಮ್ಮ."

ನಾನು ಎರಡನೆಯ ಸಲ ಅತ್ತುಬಿಟ್ಟೆ, ಆದರೆ ಈ ಅಳು ಬೇರೆ. ಅಮ್ಮನ ಮನೆ ಬಿಟ್ಟು ಬಂದ ಮೇಲೆ, ನನ್ನ ಕೆಲಸ ತನ್ನ ಬೆಳೆಯಷ್ಟೇ ದೊಡ್ಡದು ಎಂದು ಬಗೆದವರು ಅವರೊಬ್ಬರೇ. ಆ ಋಣ ನನ್ನ ಮೇಲೆ ಇವತ್ತಿಗೂ ಇದೆ, ತೀರಿಸುವ ಆಸೆಯೂ ನನಗಿಲ್ಲ.

ಮಂಗಳವಾರದ ಮೂರು ಗಂಟೆ ಲೈನು ಒಮ್ಮೆಯೂ ಕಡಿಯಲಿಲ್ಲ. ಕೆಲಸ ನನ್ನದಾಯಿತು. ಸುದ್ದಿ ಹೇಳಲು ಹೋದರೆ ಅತ್ತೆ ಸರಿ ಎಂದು ತಲೆಯಾಡಿಸಿ, ಸೊಪ್ಪಿನ ಕುಕ್ಕೆಯನ್ನು ನನ್ನ ಕಡೆ ತಳ್ಳಿದರು.

ಎರಡು ವಾರದ ಮೇಲೆ ಗೂಡು ಬಿಡಿಸುವ ದಿನ ಬಂತು. ಕೇರಿಯ ನಾಲ್ಕು ಹೆಂಗಸರು ನೆರವಿಗೆ ಬಂದಿದ್ದರು. ಮಾರುಕಟ್ಟೆಗೆ ಒಯ್ಯುವ ಮುಂಚೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುತ್ತ ಕೂತಿದ್ದೆವು. ಅನುಮಾನ ಬಂದ ಒಂದು ಗೂಡನ್ನು ಅತ್ತೆ ಕಿವಿಯ ಹತ್ತಿರ ಅಲ್ಲಾಡಿಸಿ ಒಳ್ಳೆಯ ರಾಶಿಗೆ ಹಾಕಿದರು. ಪಕ್ಕದಲ್ಲೇ ಇದ್ದ ನನಗೆ ಸದ್ದು ಕೇಳಿಸಿರಲಿಲ್ಲ. ಸುತ್ತ ಅಷ್ಟು ಜನ ಇದ್ದರು. ಆದರೂ ಹೇಳಿದೆ.

"ಅತ್ತೆ, ಅದು ಸರಿ ಇಲ್ಲ."

ಹೆಂಗಸರ ಕೈಗಳೆಲ್ಲ ನಿಂತವು. ನಿನ್ನೆ ಮೊನ್ನೆ ಬಂದ ಸೊಸೆ ನಲವತ್ತು ವರ್ಷದ ಅತ್ತೆಗೆ ಗೂಡು ಹೇಳಿಕೊಡುವುದೇ ಎಂದು ಮುಖ ಮುಖ ನೋಡಿಕೊಂಡರು. ಅತ್ತೆ ಅದನ್ನು ಮತ್ತೆ ಎತ್ತಿಕೊಂಡು, ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗೆ ಹುಳು ಸತ್ತು ಕಪ್ಪಗೆ ಕರಗಿತ್ತು.

"ನಂಗೆ ಕಿವಿ ಮಂದ ಆಗ್ತಾ ಐತೆ, ಇಲ್ದಿರೋ ಸದ್ದೂ ಐತೆ ಅನ್ನಿಸ್ತದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮುಂದಿದ್ದ ರಾಶಿಯನ್ನು ಎರಡೂ ಕೈಯಿಂದ ನನ್ನ ಮಡಿಲ ಕಡೆ ಸರಿಸಿದರು. "ಇನ್ಮೇಲೆ ನೀನೇ ನೋಡಮ್ಮ."