ಹುರಿದ ಮೈಲುತುತ್ತ

ನಿಜಾಮರ ಕಾಲದಲ್ಲಿ ನಾನು ಜಹೀರಾಬಾದಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ನಮ್ಮ ಮನೆ ನಾರಾಯಣಖೇಡದ ಕಡೆ, ಸಿರ್ಗಾಪುರದ ಹತ್ತಿರ. ಅಪ್ಪ, ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ ಅಲ್ಲಿ ಕುರಿ ಸಾಕಿಕೊಂಡಿದ್ದರು. ಒಂದು ಬೇಸಿಗೆಯ ಕೊನೆಗೆ ಊರಿನವನೊಬ್ಬ ದವಾಖಾನೆಗೆ ಬಂದು, "ನಿಮ್ಮ ಕುರಿ ಸತ್ತಾವ, ಮನಿಗಿ ಹೋಗು" ಅಂದ. ಎಷ್ಟು ಎಂದು ನಾನು ಕೇಳಲಿಲ್ಲ.

ಹೋದಾಗ ಹಟ್ಟಿಯಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದ್ದವು. ಸತ್ತವನ್ನು ಆಗಲೇ ಹೂತಿದ್ದರು. ಹೊಟ್ಟೆಹುಳಕ್ಕೆ ಮೈಲುತುತ್ತದ ನೀಲಿ ಹರಳನ್ನು ಪುಡಿಮಾಡಿ ನೀರಿನಲ್ಲಿ ಕುಡಿಸುವುದು ನಮ್ಮಲ್ಲಿ ರೂಢಿ. ಅಪ್ಪ ನಸುಕಿನ ಕತ್ತಲಲ್ಲಿ ಪ್ರತಿ ಸಲದ ತೂಕವನ್ನೇ ತಕ್ಕಡಿಯಲ್ಲಿ ತೂಗಿ ಕೊಟ್ಟಿದ್ದ, ಅಣ್ಣ ನೀರಿನಲ್ಲಿ ಕರಗಿಸಿ ಬಿದಿರಿನ ಗೊಟ್ಟದಿಂದ ಕುಡಿಸಿದ್ದ. ಸಂಜೆಯೊಳಗೆ ಕುರಿಗಳು ಬಿದ್ದಿದ್ದವು.

ವೈನಿ ಮನೆಯಲ್ಲಿರಲಿಲ್ಲ. ಪುಡಿಯ ಡಬ್ಬಿ ಆಕೆ ತೆಗೆದುಕೊಟ್ಟದ್ದು. ಪುಡಿ ಬೆಳ್ಳಗಿದ್ದದ್ದು ಆಮೇಲೆ ಕಂಡು, ಏನೋ ಬೆರೆಸಿದ್ದಾಳೆ ಎಂದು ಅಪ್ಪ ಆಕೆಯನ್ನು ತಾಂಡೂರಿನ ತವರಿಗೆ ಕಳಿಸಿಬಿಟ್ಟಿದ್ದ. ಹೋಗುವಾಗ ಆಕೆ ಇಷ್ಟೇ ಹೇಳಿದಳಂತೆ: "ಕುರಿ ಕಾಲಿನ ಹುಣ್ಣಿಗಿ ಹಚ್ಚಾಕ ಹುರಿದು ಇಟ್ಟಿದ್ದೆರೀ ಮಾವಾ. ಬ್ಯಾರೆ ಏನೂ ಹಾಕಿಲ್ಲ."

ಅಣ್ಣ ಇದನ್ನು ನನಗೆ ಹೇಳುವಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಊಟ ಮಾಡಿದೆ. ಡಾಕ್ಟರಿಗೆ ತೋರಿಸೋಣವೆಂದು ಉಳಿದ ಪುಡಿಯನ್ನು ಡಬ್ಬಿ ಸಮೇತ ಕಟ್ಟಿಕೊಂಡು ಜಹೀರಾಬಾದಿಗೆ ಮರಳಿದೆ.

ದವಾಖಾನೆಯ ಡಾಕ್ಟರು ಡಬ್ಬಿ ತೆರೆದು ನೋಡಿದರು. ಪುಡಿ ಬೆಳ್ಳಗಿತ್ತು. ವಾಸನೆ ನೋಡಿ, ಉರ್ದುವಿನಲ್ಲಿ, ಮೊದಲು ನಮ್ಮ ಕಪಾಟಿನ ನೀಲಿ ಹರಳನ್ನು ಕಾಯಿಸಿ ತೂಗು, ಆಮೇಲೆ ಇದನ್ನು, ಅಂದರು.

ಪಿಂಗಾಣಿ ಬಟ್ಟಲನ್ನು ಖಾಲಿ ತೂಗಿದೆ. ನೀಲಿ ಹರಳನ್ನು ಅರೆದು ಹಾಕಿ ಮತ್ತೆ ತೂಗಿದೆ. ಸ್ಪಿರಿಟ್ ದೀಪದ ಮೇಲೆ ಸಣ್ಣ ಉರಿಯಲ್ಲಿಟ್ಟೆ. ಉರಿ ಜಾಸ್ತಿಯಾದರೆ ಪುಡಿ ಕಪ್ಪಾಗಿ ಕೆಡುತ್ತದೆ. ಮೇಲೆ ಹಿಡಿದ ಗಾಜಿನ ತುಂಡಿನ ಮೇಲೆ ನೀರಿನ ಹನಿ ಮೂಡಿದವು. ನೀಲಿ ಬಣ್ಣ ಅಂಚಿನಿಂದ ಬೆಳ್ಳಗಾಗುತ್ತ ಬಂತು. ಗಾಳಿಯ ತೇವ ತಾಗದಂತೆ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಆರಿಸಿ ತೂಗಿದೆ. ಮತ್ತೆ ಕಾಯಿಸಿದೆ, ಆರಿಸಿದೆ, ತೂಗಿದೆ. ತೂಕ ಇಳಿಯುವುದು ನಿಲ್ಲುವ ತನಕ ಹೀಗೇ. ಯಾರದೋ ಕೆಲಸವನ್ನು ನನ್ನ ಕೈಗಳು ಮಾಡುತ್ತಿದ್ದಂತೆ ಇತ್ತು.

ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಹೋಗಿತ್ತು. ಅಷ್ಟೂ ನೀರು. ಆಮೇಲೆ ಮನೆಯ ಪುಡಿಯನ್ನು ಕಾಯಿಸಿದೆ. ಅದರ ತೂಕ ಹೆಚ್ಚುಕಡಿಮೆ ಇದ್ದಷ್ಟೇ ಉಳಿಯಿತು. ಆರಿದ ಮೇಲೆ ಎರಡು ಹನಿ ನೀರು ಬಿಟ್ಟರೆ, ಬಿಸಿಯಾಗಿ ಅಚ್ಚ ನೀಲಿಯಾಯಿತು.

"ಇದರಾಗ ವಿಷ ಏನೂ ಬೆರೆಸಿಲ್ಲೇನ್ರಿ?" ಎಂದು ಕೇಳಿದೆ.

ಇದು ಬರೀ ಮೈಲುತುತ್ತ, ನೀರು ಹೋಗಿದೆ ಅಷ್ಟೆ, ಅಂದರು ಡಾಕ್ಟರು. ಅದೇ ತೂಕದಲ್ಲಿ ಔಷಧ ಒಂದೂವರೆ ಪಟ್ಟು ಬಿದ್ದಿದೆ. ಕುರಿ ಅದನ್ನು ತಡೆಯುವುದಿಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಅಪ್ಪನ ಮುಂದೆ ಕುಳಿತು ಹೇಳಿದೆ. "ವೈನಿ ಏನೂ ಬೆರೆಸಿಲ್ಲಪ್ಪಾ. ಹುರಿದಾಗ ಅದರಾಗಿನ ನೀರು ಹೋಗ್ಯಾದ. ನೀ ತೂಗಿದ್ದು ಬರೀ ಮದ್ದು."

ಅಪ್ಪ, "ಹುರಿ ಅಂತ ಆಕಿಗಿ ಯಾರು ಹೇಳಿದ್ರು?" ಅಂದ.

"ನಾನ ಹೇಳಿದ್ದೆ," ಅಂದಳು ಅವ್ವ.

"ಅವತ್ತು ಯಾಕ ಬಾಯಿ ಬಿಡಲಿಲ್ಲ?"

"ಅಂಜಿಕಿ ಆತು."

ಅಪ್ಪ ಆಕೆಗೆ ಬೈಯಲಿಲ್ಲ. ರುಮಾಲು ಸುತ್ತಿಕೊಂಡು, "ನಡಿ, ತಾಂಡೂರಿಗಿ ಹೋಗೂಣು" ಎಂದು ನನಗೆ ಹೇಳಿದ. ಜಹೀರಾಬಾದಿಗೆ ಬಂದು ರೈಲು ಹತ್ತಿದೆವು. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರು ಮುಟ್ಟುವ ತನಕ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ.

ವೈನಿ ಬಾಗಿಲಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಎಲ್ಲ ಹೇಳಿದೆ. ಅವ್ವ ಹೇಳಿದ್ದನ್ನೂ ಹೇಳಿದೆ.

"ಅತ್ತಿ ಹೆಸರು ನಾ ಅವತ್ತೂ ತಗದಿಲ್ಲ," ಅಂದಳು.

"ನಡೀ ತಂಗೀ, ಮನಿಗಿ," ಅಂದ ಅಪ್ಪ. ತಪ್ಪಾಯಿತು ಎನ್ನುವುದು ಅವನಿಗೆ ಬರಲಿಲ್ಲ.

ಆಕೆ ಮೊರದಲ್ಲಿದ್ದ ತೊಗರಿಯನ್ನು ಪೂರ್ತಿ ಹಸನು ಮಾಡಿ ತಾಯಿಯ ಕೈಗೆ ಕೊಟ್ಟು, ಬಟ್ಟೆ ಕಟ್ಟಿಕೊಂಡು ಬಂದಳು. ರೈಲಿನಲ್ಲಿ ಅಪ್ಪ ಬಾಳೆಹಣ್ಣು ಕೊಂಡು ಮುಂದೆ ಹಿಡಿದ. ತೆಗೆದುಕೊಂಡಳು, ತಿನ್ನಲಿಲ್ಲ, ಉಡಿಯಲ್ಲಿಟ್ಟುಕೊಂಡು ಕೂತಳು.